ಪೈಲಟ್ ವಾಚಾ, ಡೈವ್ ವಾಚಾ? ಕೈಗೆ ಕಟ್ಟಿದವರು ಮಾತ್ರ ಹೇಳಿ

ವೈಟ್‌ಫೀಲ್ಡ್ ವಾಸಿ
ಒಂದೇ ಒಂದು ಒಳ್ಳೆಯ ಆಟೋಮ್ಯಾಟಿಕ್ ವಾಚು (ಬ್ಯಾಟರಿ ಇಲ್ಲದೆ, ಕೈಯ ಅಲುಗಾಟಕ್ಕೆ ತಾನೇ ಕೀ ಕೊಟ್ಟುಕೊಳ್ಳುವಂಥದ್ದು) ಕೊಳ್ಳಬೇಕು ಅಂತ ಇದ್ದೇನೆ. ಬಜೆಟ್ ಐದಾರು ಲಕ್ಷ. ಹೆಂಡತಿ ಒಪ್ಪಿದ್ದಾಳೆ, ಆದರೆ ಒಂದು ಷರತ್ತು: ಇನ್ನು ಹತ್ತು ವರ್ಷ ಮನೆಯಲ್ಲಿ ವಾಚಿನ ಸುದ್ದಿ ಎತ್ತಬಾರದು.

ಮೂರು ಸ್ವಿಸ್ ವಾಚು ಉಳಿದಿವೆ. ಐಡಬ್ಲ್ಯೂಸಿ ಮಾರ್ಕ್ ಟ್ವೆಂಟಿ, ಒಮೆಗಾ ಸೀಮಾಸ್ಟರ್ ಡೈವರ್ 300 ಎಂ, ಟ್ಯೂಡರ್ ಬ್ಲ್ಯಾಕ್ ಬೇ 58. ಅಂದರೆ ಒಂದು ಪೈಲಟ್ ವಾಚು, ಎರಡು ಡೈವ್ ವಾಚು. ನಾನು ವಿಮಾನ ಹಾರಿಸುವವನೂ ಅಲ್ಲ, ಸಮುದ್ರಕ್ಕೆ ಹಾರುವವನೂ ಅಲ್ಲ. ಮಣಿಕಟ್ಟು ಆರೂವರೆ ಇಂಚು. ದಿನಾ ಸ್ಕೂಟರ್, ಆಫೀಸು, ಸಂಜೆ ಮಗಳ ಜೊತೆ ಪೂಲು.

ಯೂಟ್ಯೂಬ್ ವಿಮರ್ಶೆಗಳನ್ನೆಲ್ಲ ನೋಡಿ ಮುಗಿಸಿದ್ದೇನೆ. ಅವರು ಒಂದು ವಾರ ಕಟ್ಟಿ ವಾಪಸ್ ಕೊಡುವವರು. ಸ್ವಂತ ದುಡ್ಡು ಕೊಟ್ಟು, ಒಂದು ಬೇಸಿಗೆ ಒಂದು ಮಳೆಗಾಲವಾದರೂ ಕಳೆದವರು ಹೇಳಿ. ಏನು ಇಷ್ಟ ಆಯ್ತು ಅನ್ನುವುದಕ್ಕಿಂತ ಏನು ಕಿರಿಕಿರಿ ಅಂತ ಹೇಳಿದರೆ ಇನ್ನೂ ಒಳ್ಳೆಯದು.

ಬೆಣ್ಣೆದೋಸೆ
ಫೋನಲ್ಲಿ ಟೈಮ್ ಬರಲ್ವಾ ಗುರು?

ಸ್ಪ್ರಿಂಗ್‌ಬಾರ್
ಬಂದರಪ್ಪ. ವಾಚಿನ ಬಗ್ಗೆ ಯಾರೇ ಕೇಳಲಿ, ಮೊದಲ ಉತ್ತರ ಇದೇ.

ವಾಸಿಯವರೇ, ನನ್ನ ಹತ್ತಿರ ಮೊದಲು ಟ್ವೆಂಟಿಗೆ ಹಿಂದಿನ ಮಾದರಿ ಮಾರ್ಕ್ ಏಯ್ಟೀನ್ ಇತ್ತು. ಮಾರಿ ಬ್ಲ್ಯಾಕ್ ಬೇ 58 ತೆಗೆದುಕೊಂಡೆ. ಎರಡನ್ನೂ ಚೆನ್ನಾಗಿ ಉಜ್ಜಿದ್ದೇನೆ, ಹಾಗಾಗಿ ಹೇಳುತ್ತೇನೆ.

ಮಾರ್ಕ್‌ನ ದೊಡ್ಡ ಸುಖ ಓದುವುದು. ಕಪ್ಪು ಡಯಲ್, ಬಿಳಿ ಅಂಕಿ, ಹನ್ನೆರಡರ ಜಾಗದಲ್ಲಿ ತ್ರಿಕೋನ. ಗಾಡಿ ಓಡಿಸುತ್ತಾ ಅರ್ಧ ಕಣ್ಣು ಹಾಯಿಸಿದರೆ ಸಾಕು. 58ರಂಥ ಡೈವ್ ವಾಚಿನಲ್ಲಿ ಅಂಕಿಯೇ ಇರುವುದಿಲ್ಲ, ಬರೀ ಚುಕ್ಕಿ, ಗೆರೆ. ಅಭ್ಯಾಸ ಆಗುತ್ತದೆ, ಆದರೆ ಮೊದಲ ವಾರ ಹತ್ತೋ ಹನ್ನೊಂದೋ ಅಂತ ಒಂದು ಕ್ಷಣ ಯೋಚಿಸಬೇಕಾಯ್ತು. ಇನ್ನೊಂದು, ಮಾರ್ಕ್ ತೆಳು. ಫುಲ್ ತೋಳಿನ ಶರ್ಟಿನೊಳಗೆ ಸುಮ್ನೆ ಜಾರಿ ಹೋಗುತ್ತದೆ.

ಮಾರಿದ್ದು ಏಕೆ? ಏಯ್ಟೀನ್‌ಗೆ 6 ಬಾರ್ (ಅಂದರೆ 60 ಮೀಟರ್ ಲೆಕ್ಕ) ನೀರು ತಡೆಯುವ ಶಕ್ತಿ ಮಾತ್ರ, ಒಳಗಿನ ಯಂತ್ರ ಸೆಲ್ಲಿಟಾ ಅನ್ನುವ ಬೇರೆ ಕಂಪನಿಯದ್ದನ್ನು ತಿದ್ದಿದ್ದು, 42 ಗಂಟೆ ಓಡುತ್ತಿತ್ತು. ಶುಕ್ರವಾರ ರಾತ್ರಿ ಬಿಚ್ಚಿಟ್ಟರೆ ಸೋಮವಾರ ಬೆಳಗ್ಗೆ ನಿಂತಿರುತ್ತಿತ್ತು. ಅಷ್ಟು ದುಡ್ಡಿಗೆ ಅದು ಕಡಿಮೆ ಅನ್ನಿಸಿತು. 2022ರಲ್ಲಿ ಬಂದ ಟ್ವೆಂಟಿಯಲ್ಲಿ ಎರಡನ್ನೂ ಸರಿ ಮಾಡಿದ್ದಾರೆ: 10 ಬಾರ್, 120 ಗಂಟೆ. ಅಂದರೆ ನನ್ನ ದೂರುಗಳು ನಿಮಗೆ ಅನ್ವಯಿಸುವುದಿಲ್ಲ.

58ರಲ್ಲಿ ಕಿರಿಕಿರಿ ಅಂದರೆ ಚೈನು. ಪಕ್ಕದಲ್ಲಿ ರಿವೆಟ್ ಹೊಡೆದ ಹಾಗೆ ಗುಂಡಗೆ ಇದೆಯಲ್ಲ, ಅದು ಬರೀ ವೇಷ. ಬೆವರಿನಲ್ಲಿ ಕೈ ಊದಿದಾಗ ಸ್ವಲ್ಪ ಸಡಿಲ ಮಾಡೋಣ ಅಂದರೆ ನನ್ನ ಹಳೆಯ ಮಾದರಿಯ ಕೊಂಡಿಯಲ್ಲಿ ತಕ್ಷಣ ಆಗುವುದಿಲ್ಲ, ಕಡ್ಡಿ ಹಿಡಿದು ಕೂರಬೇಕು. ಉಳಿದಂತೆ ವಾಚು ಚಿನ್ನ. 39 ಮಿಮೀ, ತಾರೀಖಿನ ಕಿಟಕಿ ಇಲ್ಲ, 70 ಗಂಟೆ ಓಟ.

ಮಂಗ್ಳೂರ್ ಮಳೆ
ಸೀಮಾಸ್ಟರ್ 300 ಎಂ ಇದೆ ನನ್ನ ಹತ್ರ, ನೀಲಿ ಡಯಲಿನದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಚ್ಚುವುದೇ ಇಲ್ಲ ಮಾರಾಯ್ರೆ. ಮಳೆ, ಬೆವರು, ಕಡಲ ಉಪ್ಪುಗಾಳಿ ಎಲ್ಲಾ ಆಗಿದೆ. ಮನೆಗೆ ಬಂದು ನಲ್ಲಿ ನೀರಲ್ಲಿ ತೊಳೆದರೆ ಮುಗೀತು.

ಪೈಲಟ್ ವಾಚು ಅಂದರೆ ನನಗೆ ನೆನಪಾಗುವುದು ಲೆದರ್ ಬೆಲ್ಟು. ನಮ್ಮ ಕಡೆ ಲೆದರ್ ಒಂದು ಮಳೆಗಾಲ ಬಾಳುವುದಿಲ್ಲ. ಬೂಸ್ಟು ಹಿಡಿಯುತ್ತದೆ, ವಾಸನೆ ಬೇರೆ. ಊಟಕ್ಕೆ ಕೂತಾಗ ಕೈ ಮೂಗಿನ ಹತ್ತಿರ ಬಂದರೆ ಗೊತ್ತಾಗುತ್ತದೆ.

ಕಿರಿಕಿರಿ ಕೇಳಿದ್ರಲ್ಲ: ಬೆಜೆಲ್, ಡಯಲಿನ ಸುತ್ತ ತಿರುಗುವ ಬಳೆ. ಅಂಚು ಅಲೆಯ ಹಾಗೆ ಇದೆ, ನೋಡಲು ಚಂದ. ಆದರೆ ಒದ್ದೆ ಕೈಯಲ್ಲಿ ಹಿಡಿತ ಸಿಗಲ್ಲ. ಡೈವ್ ವಾಚಿನ ಬೆಜೆಲ್ ಒದ್ದೆ ಕೈಗೆ ತಿರುಗದಿದ್ದರೆ ಇನ್ಯಾವ ಕೈಗೆ ತಿರುಗಬೇಕು ಹೇಳಿ? ಮುಳ್ಳಿನ ಮಧ್ಯೆ ತೂತು ಮಾಡಿದ್ದಾರೆ, ಅದೂ ನನಗೆ ಹಿಡಿಸಿಲ್ಲ. ಬಿಳಿ ಡಯಲಿಗೆ ಹೋದರೆ ಮುಳ್ಳು ಇನ್ನೂ ಬೇಗ ಕಳೆದುಹೋಗುತ್ತದೆ, ಅಂಗಡಿಯಲ್ಲಿ ನೋಡಿಯೇ ನೀಲಿ ತೆಗೆದದ್ದು.

ಸ್ಪ್ರಿಂಗ್‌ಬಾರ್
ಟ್ವೆಂಟಿ ಸ್ಟೀಲ್ ಚೈನಿನಲ್ಲೂ ರಬ್ಬರಿನಲ್ಲೂ ಬರುತ್ತದೆ ಮಳೆಯವರೇ. ಬೆಲ್ಟು ಬದಲಾಯಿಸಲು ಟೂಲ್ ಕೂಡ ಬೇಡ, ಒತ್ತಿದರೆ ಬರುತ್ತದೆ. ಲೆದರ್ ವಾದ ಹಳೆಯದಾಯ್ತು.

ಮಂಗ್ಳೂರ್ ಮಳೆ
ಆ ಚೈನಿನ ರೇಟು ಬೇರೆಯಾಗಿ ಕೇಳಿ ನೋಡಿ. ಆಮೇಲೆ ಮಾತಾಡುವ.

ನಿವೃತ್ತ ನೀಲಿ
ಮೂವತ್ತು ವರ್ಷದ ಹತ್ತಿರ ವಾಯುಪಡೆಯಲ್ಲಿದ್ದವನು, ಸಾರಿಗೆ ವಿಮಾನ. ಯಲಹಂಕದಲ್ಲೂ ಇದ್ದೆ. ಈಗ "ಪೈಲಟ್ ವಾಚು" ಅಂತ ಮಾರುವುದನ್ನು ನೋಡಿದರೆ ನಗು ಬರುತ್ತದೆ, ಆದರೆ ಪೂರ್ತಿ ಸುಳ್ಳೂ ಅಲ್ಲ.

ಜಿಪಿಎಸ್ ಇಲ್ಲದ ಕಾಲದಲ್ಲಿ ಕೆಳಮಟ್ಟದಲ್ಲಿ ಹಾರುವಾಗ ದಿಕ್ಕು, ವೇಗ, ಸಮಯ ಮೂರೇ ಆಧಾರ. ಇಷ್ಟು ನಿಮಿಷ ಇಷ್ಟು ಸೆಕೆಂಡಿಗೆ ಹೊಳೆಯ ತಿರುವು ಕಾಣಬೇಕು ಅಂದರೆ ಕಾಣಬೇಕು. ಕಾಣದಿದ್ದರೆ ನೀವು ಬೇರೆಲ್ಲೋ ಇದ್ದೀರಿ. ಅದಕ್ಕೆ ಬ್ರೀಫಿಂಗ್‌ನಲ್ಲಿ ಎಲ್ಲರೂ ವಾಚು ಸೆಕೆಂಡಿಗೆ ಸರಿಯಾಗಿ ಹೊಂದಿಸಿಕೊಳ್ಳುತ್ತಿದ್ದೆವು. ಕ್ರೌನ್ (ಪಕ್ಕದಲ್ಲಿರುವ ಕೀ ಗುಂಡಿ) ಎಳೆದರೆ ಸೆಕೆಂಡಿನ ಮುಳ್ಳು ನಿಲ್ಲಬೇಕು, ಅದು ಮುಖ್ಯ. ಪ್ಯಾನೆಲ್‌ನಲ್ಲೂ ಗಡಿಯಾರ ಇರುತ್ತಿತ್ತು. ಕೈಯಲ್ಲಿರುವುದು ಎರಡನೇ ಸಾಕ್ಷಿ.

ನಮ್ಮಲ್ಲಿ ಯಾರ ಕೈಯಲ್ಲೂ ಸ್ವಿಸ್ ಪೈಲಟ್ ವಾಚು ನೋಡಿದ ನೆನಪಿಲ್ಲ. ಎಚ್‌ಎಂಟಿ, ಆಮೇಲೆ ಕ್ಯಾಸಿಯೋ. ಕತ್ತಲಲ್ಲಿ ಕಾಣಬೇಕು, ಹೊಡೆತ ತಡೆಯಬೇಕು, ಕಳೆದರೆ ಅಳು ಬರಬಾರದು. ಅಷ್ಟೇ.

ಜ್ಯುವೆಲ್ 17
ಸಾರ್, ನಿಮ್ಮ ಮಾತಿಗೆ ಸ್ವಲ್ಪ ಇತಿಹಾಸ ಸೇರಿಸುತ್ತೇನೆ. ಈ ವಿನ್ಯಾಸ ಎರಡು ಕಡೆಯಿಂದ ಬಂದದ್ದು. ಒಂದು ಎರಡನೇ ಮಹಾಯುದ್ಧದ ಜರ್ಮನ್ ವಾಯುಪಡೆಯದು. 55 ಮಿಮೀ ಅಗಲ, ಜಾಕೆಟ್ಟಿನ ಮೇಲೆ ಕಟ್ಟುತ್ತಿದ್ದರು. ಗ್ಲೌಸ್ ಹಾಕಿದ ಕೈಗೆ ಸಿಗಲಿ ಅಂತ ಈರುಳ್ಳಿ ಆಕಾರದ ದೊಡ್ಡ ಕ್ರೌನ್. ಐದು ಕಂಪನಿ ಮಾಡಿದವು: ಲಾಂಗೆ, ಲಾಕೋ, ಸ್ಟೋವಾ, ವೆಂಪೆ, ಐಡಬ್ಲ್ಯೂಸಿ. ಹನ್ನೆರಡರ ಹತ್ತಿರ ತ್ರಿಕೋನ, ಪಕ್ಕದಲ್ಲಿ ಎರಡು ಚುಕ್ಕಿ ಇರುವುದು ಡಯಲಿನ ಮೇಲ್ಭಾಗ ಯಾವುದು ಅಂತ ತಕ್ಷಣ ತಿಳಿಯಲು.

ಇನ್ನೊಂದು ಬ್ರಿಟಿಷರದು. 1948ರ ಮಾರ್ಕ್ ಇಲೆವೆನ್. ಐಡಬ್ಲ್ಯೂಸಿಯೂ ಮಾಡಿತು, ಜೇಗರ್ ಲಕೂಲ್ಟ್ರ್ ಕೂಡ ಮಾಡಿತು. ಕಾಕ್‌ಪಿಟ್ಟಿನ ಉಪಕರಣಗಳ ಆಯಸ್ಕಾಂತ ತಟ್ಟದಿರಲಿ ಅಂತ ಯಂತ್ರದ ಸುತ್ತ ಮೆದು ಕಬ್ಬಿಣದ ಪೆಟ್ಟಿಗೆ. ವಾಸಿಯವರು ನೋಡುತ್ತಿರುವ ಮಾರ್ಕ್ ಇದೇ ವಂಶದ್ದು.

ಆದರೆ ನನ್ನ ತಕರಾರು ಬೇರೆ. ಡೈವ್ ವಾಚು ಅನ್ನಲು ಐಎಸ್‌ಒ 6425 ಅಂತ ಕಟ್ಟುನಿಟ್ಟಿನ ನಿಯಮ ಇದೆ. ಕನಿಷ್ಠ 100 ಮೀಟರ್, ಬರೆದ ಆಳಕ್ಕಿಂತ ಕಾಲು ಭಾಗ ಜಾಸ್ತಿ ಒತ್ತಡದಲ್ಲಿ ಪರೀಕ್ಷೆ, ಕತ್ತಲಲ್ಲಿ 25 ಸೆಂಮೀ ದೂರದಿಂದ ಓದಲು ಬರಬೇಕು. ಪೈಲಟ್ ವಾಚಿಗೆ ಏನಿದೆ? ಡಯಲ್ ಕಪ್ಪು ಮಾಡಿ ಅಂಕಿ ದೊಡ್ಡದು ಮಾಡಿದರೆ ಆಯ್ತು.

ಪೇಢಾ ಪ್ರಿಯ
ಇದೆ ನೋಡ್ರಿ. ಡಿಐಎನ್ 8330, 2016ರ ಜರ್ಮನ್ ನಿಯಮ. ಅದಕ್ಕೂ ಮೊದಲು 2012ರಲ್ಲಿ ಫ್ರಾಂಕ್‌ಫರ್ಟಿನ ಸಿನ್ ಕಂಪನಿ ಆಖೆನ್ನಿನ ತಾಂತ್ರಿಕ ಕಾಲೇಜಿನ ಜೊತೆ ಸೇರಿ ಟೆಸ್ಟಾಫ್ ಅಂತ ಪರೀಕ್ಷೆ ಮಾಡಿತ್ತು. ಒತ್ತಡ ಏರುಪೇರು, ಕಂಪನ, ಆಯಸ್ಕಾಂತ, ಇಂಧನ ಬಿದ್ದರೆ ಏನಾಗುತ್ತದೆ, ಎಲ್ಲಾ ನೋಡುತ್ತಾರೆ. ದೊಡ್ಡ ಸ್ವಿಸ್ ಕಂಪನಿಗಳು ಆ ಕಡೆ ತಲೆ ಹಾಕಿಲ್ಲ ಅನ್ನುವುದು ಬೇರೆ ಮಾತು. ನನ್ನ ಹತ್ತಿರ ಸಿನ್ 104 ಇದೆ. ಪೈಲಟ್ ವಾಚಿನ ಮುಖ, 200 ಮೀಟರ್ ನೀರು, ಎರಡೂ ಕಡೆ ತಿರುಗುವ ಬೆಜೆಲ್. ಇವರ ಬಜೆಟ್ಟಿನ ಅರ್ಧವೂ ಬೇಡ.

ಜ್ಯುವೆಲ್ 17
ನಿಯಮ ಇದ್ದೂ ಯಾರೂ ಪಾಲಿಸುತ್ತಿಲ್ಲ ಅಂದರೆ ಕೊಳ್ಳುವವನಿಗೆ ಏನು ಲಾಭ?

ಪೇಢಾ ಪ್ರಿಯ
ಪಾಲಿಸುವವರದ್ದು ಕೊಂಡರೆ ಲಾಭ.

ನೇತ್ರಾಣಿ ಮೀನು
ಮುರುಡೇಶ್ವರದಲ್ಲಿ ಡೈವಿಂಗ್ ಸೀಸನ್ ಶುರುವಾದರೆ ವಾರಕ್ಕೆ ಎಷ್ಟೋ ಸಲ ನೀರೊಳಗೆ ಇರುವವನು ನಾನು. ಇಲ್ಲಿ ಒಬ್ಬರೂ ಡೈವ್ ಮಾಡುವವರು ಮಾತಾಡಿಲ್ಲ ಅಂತ ಬಂದೆ.

ನಾವು ನಂಬುವುದು ಡೈವ್ ಕಂಪ್ಯೂಟರನ್ನು. ಆಳ, ಸಮಯ, ಎಷ್ಟು ಹೊತ್ತು ಇರಬಹುದು, ಎಷ್ಟು ನಿಧಾನ ಮೇಲೆ ಬರಬೇಕು, ಎಲ್ಲಾ ಅದೇ ಹೇಳುತ್ತದೆ. ಇನ್ನೊಂದು ಕೈಯಲ್ಲಿ ಹಳೆಯ ಸೈಕೋ ಎಸ್‌ಕೆಎಕ್ಸ್ ಡೈವ್ ವಾಚು ಕಟ್ಟುತ್ತೇನೆ, ಕಂಪ್ಯೂಟರ್ ಕೈ ಕೊಟ್ಟರೆ ಇರಲಿ ಅಂತ. ಇಳಿಯುವಾಗ ಬೆಜೆಲ್ಲಿನ ತ್ರಿಕೋನವನ್ನು ನಿಮಿಷದ ಮುಳ್ಳಿನ ಎದುರು ನಿಲ್ಲಿಸಿದರೆ ಸಾಕು, ಎಷ್ಟು ನಿಮಿಷ ಆಯ್ತು ಅಂತ ನೇರ ಓದಬಹುದು. ಅದು ಒಂದೇ ಕಡೆ ತಿರುಗುವುದಕ್ಕೂ ಕಾರಣ ಇದೆ. ಬಂಡೆಗೆ ತಾಗಿ ಜರುಗಿದರೂ ಜಾಸ್ತಿ ಹೊತ್ತು ಆಯ್ತು ಅಂತಲೇ ತೋರಿಸುತ್ತದೆ, ಕಡಿಮೆ ಅಂತ ತೋರಿಸುವುದಿಲ್ಲ. ನೀವು ಬೇಗ ಮೇಲೆ ಬರುತ್ತೀರಿ, ಅಷ್ಟೇ.

300 ಮೀಟರ್, 600 ಮೀಟರ್ ಅಂತ ಜಗಳ ಆಡುವವರಿಗೆ: ಮೊದಲ ಕೋರ್ಸ್ ಮುಗಿಸಿದವರಿಗೆ 18 ಮೀಟರ್ ಮಿತಿ. ಹವ್ಯಾಸಿಗಳ ಮಿತಿ 40. ಒಮೆಗಾದಲ್ಲಿ ಹತ್ತು ಗಂಟೆಯ ಹತ್ತಿರ ಇನ್ನೊಂದು ಕ್ರೌನ್ ಇದೆಯಲ್ಲ, ಹೀಲಿಯಂ ವಾಲ್ವ್, ಅದು ದಿನಗಟ್ಟಲೆ ಒತ್ತಡದ ಕೋಣೆಯಲ್ಲೇ ವಾಸ ಮಾಡುವ ಆಯಿಲ್ ರಿಗ್ ಡೈವರುಗಳಿಗೆ. ಅಲ್ಲಿ ಅವರು ಉಸಿರಾಡುವ ಹೀಲಿಯಂ ವಾಚಿನೊಳಕ್ಕೂ ನುಗ್ಗುತ್ತದೆ. ಒತ್ತಡ ಇಳಿಸುವಾಗ ಹೊರಗೆ ಬರಲು ದಾರಿ ಇಲ್ಲದಿದ್ದರೆ ಗಾಜು ಹಾರಬಹುದು. ನಿಮ್ಮ ಅಪಾರ್ಟ್‌ಮೆಂಟ್ ಪೂಲಿನಲ್ಲಿ ಹೀಲಿಯಂ ಇಲ್ಲ.

ಬೆಣ್ಣೆದೋಸೆ
ಬಲೂನ್ ಪಾರ್ಟಿ ಇದ್ದರೆ?

ನೇತ್ರಾಣಿ ಮೀನು
ಆಗ ವಾಲ್ವ್ ತೆರೆದು ಹಾಡಿ ಸಾರ್.

ಕೊಡಚಾದ್ರಿ ಕ್ಲಬ್
ಎಲ್ಲರೂ ಮೂರೇ ವಾಚು ಹಿಡಿದುಕೊಂಡು ಕೂತಿದ್ದೀರಿ. ಬ್ರೈಟ್ಲಿಂಗ್ ನ್ಯಾವಿಟೈಮರ್ ಬಗ್ಗೆ ಯಾರೂ ಹೇಳಲ್ವಾ? 1952ರಿಂದ ಇರುವ ವಿನ್ಯಾಸ. ನನ್ನದು ಬಿ01 ಕ್ರೊನೊಗ್ರಾಫ್, ಅಂದರೆ ಸ್ಟಾಪ್‌ವಾಚ್ ಇರುವಂಥದ್ದು. ಬಜೆಟ್ ಮೀರುತ್ತದೆ, ಸೆಕೆಂಡ್ ಹ್ಯಾಂಡ್ ನೋಡಬಹುದು.

ಸುತ್ತಲಿನ ಆ ಸಣ್ಣ ಅಂಕಿಗಳು ಅಲಂಕಾರ ಅಂದುಕೊಂಡವರೇ ಜಾಸ್ತಿ. ಅದು ಸ್ಲೈಡ್ ರೂಲ್, ಅಂದರೆ ತಿರುಗಿಸಿ ಗುಣಾಕಾರ ಭಾಗಾಕಾರ ಮಾಡುವ ಅಳತೆಪಟ್ಟಿ. ನಾನು ಪೆಟ್ರೋಲ್ ಬಂಕಿನಲ್ಲಿ ಬಳಸುತ್ತೇನೆ. 540 ಕಿಮೀ ಓಡಿಸಿ 36 ಲೀಟರ್ ಹಾಕಿಸಿದೆ ಅನ್ನಿ. ಹೊರಗಿನ 54ನ್ನು ಒಳಗಿನ 36ರ ಎದುರು ತನ್ನಿ. ಈಗ ಒಳಗಿನ 10ರ ಎದುರು ನೋಡಿ: 15. ಲೀಟರಿಗೆ 15 ಕಿಮೀ. ಬೆಜೆಲ್ಲನ್ನು ಅಲ್ಲಾಡಿಸದೆ ಒಳಗಿನ 20ರ ಎದುರು ನೋಡಿದರೆ 30, ಅಂದರೆ ಇನ್ನು 20 ಲೀಟರಿಗೆ 300 ಕಿಮೀ ಹೋಗಬಹುದು. ಚುಕ್ಕಿ, ಸೊನ್ನೆ ನೀವೇ ಸೇರಿಸಿಕೊಳ್ಳಬೇಕು.

ತುಂಗಾ ತೀರ
ಆ ಅಂಕಿ ಓದಲು ಭೂತಗನ್ನಡಿ ಜೊತೆಗೆ ಕೊಡುತ್ತಾರಾ? ನಮ್ಮ ಮನೆಯವರ ಹತ್ತಿರ ಇದೆ ಅದು. ಟೈಮ್ ಕೇಳಿದರೆ ಮೊದಲು ಕನ್ನಡಕ ಹುಡುಕುತ್ತಾರೆ, ಆಮೇಲೆ ಫೋನ್ ನೋಡಿ ಹೇಳುತ್ತಾರೆ.

ನೀರಿನ ಬಗ್ಗೆಯೂ ಹೇಳಿ ಕೊಡಚಾದ್ರಿಯವರೇ. ಅದರ ಮೇಲೆ ಬರೆದಿರುವುದು 30 ಮೀಟರ್. 30 ಮೀಟರ್ ಅಂದರೆ ಮೂವತ್ತು ಮೀಟರ್ ಆಳಕ್ಕೆ ಹೋಗಬಹುದು ಅಂತ ಅಲ್ಲ. ಕೈ ತೊಳೆಯುವಾಗ ಹನಿ ಬಿದ್ದರೆ ಪರವಾಗಿಲ್ಲ ಅಂತ. ಮಗು ಜೊತೆ ಪೂಲಿಗೆ ಇಳಿಯುವವರಿಗೆ ಇದನ್ನು ಹೇಳದೆ ಸ್ಲೈಡ್ ರೂಲ್ ಪಾಠ ಮಾಡುವುದು ಸರಿಯಲ್ಲ.

ಕೊಡಚಾದ್ರಿ ಕ್ಲಬ್
ಪೂಲಿಗೆ ಹೋಗುವಾಗ ಬಿಚ್ಚಿಟ್ಟರಾಯ್ತು ಅಕ್ಕಾ. ಎಲ್ಲ ವಾಚೂ ಸಬ್‌ಮರೀನ್ ಆಗಬೇಕಾ?

ತುಂಗಾ ತೀರ
ಅವರು ಕೇಳಿರುವುದು ಒಂದೇ ವಾಚು. ಬಿಚ್ಚಿಟ್ಟು ಹೋಗಬೇಕು ಅಂದರೆ ಅಲ್ಲಿಗೆ ಅದು ಸೋತ ಹಾಗೆ.

ಥೇಮ್ಸ್ ತಟದ ತಮ್ಮ
ಲಂಡನ್ನಿನಿಂದ. ಪೈಲಟ್ ವಾಚು ಅಂದರೆ ರೋಲೆಕ್ಸ್ ಜಿಎಂಟಿ ಮಾಸ್ಟರ್ ಅಲ್ವಾ? ಎರಡು ಊರಿನ ಸಮಯ ಒಟ್ಟಿಗೆ ತೋರಿಸುವ ವಾಚು, 1950ರ ದಶಕದಲ್ಲಿ ಅಮೆರಿಕದ ಪ್ಯಾನ್ ಆಮ್ ವಿಮಾನ ಕಂಪನಿಯ ಪೈಲಟ್‌ಗಳಿಗೋಸ್ಕರ ಬಂದದ್ದು. ನನ್ನ ಹತ್ತಿರ ಕೆಂಪು-ನೀಲಿ ಇದೆ. ಚಂದ ಇದೆ, ಗಟ್ಟಿ ಇದೆ, ದಿನಕ್ಕೆ ಎರಡು ಸೆಕೆಂಡ್ ಕೂಡ ಆಚೀಚೆ ಆಗುವುದಿಲ್ಲ. ಆದರೆ ನಮ್ಮಂಥವರಿಗೆ ಒಂದು ತಮಾಷೆ. ಭಾರತದ ಸಮಯ ಐದೂವರೆ ಗಂಟೆ ಮುಂದೆ. ಈ ವಾಚುಗಳ ಎರಡನೇ ಸಮಯ ಪೂರ್ತಿ ಗಂಟೆ ಲೆಕ್ಕದಲ್ಲೇ ಜಿಗಿಯುತ್ತದೆ, ಬೆಜೆಲ್ ಕೂಡ 24 ಕ್ಲಿಕ್. ಅರ್ಧ ಗಂಟೆಯನ್ನು ತಲೆಯಲ್ಲೇ ಕೂಡಿಸಬೇಕು. ಇಷ್ಟೊಂದು ದುಡ್ಡು ಕೊಟ್ಟು ಅಮ್ಮನಿಗೆ ಫೋನ್ ಮಾಡಲು ಬಾಯಿ ಲೆಕ್ಕ!

ಪುಕ್ಕಟೆ ಉಪಾಯ ಬೇರೆ ಇದೆ. ಯಾವುದೇ ಮುಳ್ಳಿನ ವಾಚು ಲಂಡನ್ ಸಮಯಕ್ಕೆ ಇದ್ದರೆ ತಲೆಕೆಳಗು ಮಾಡಿ ನೋಡಿ. ಮೂರು ಗಂಟೆ ಇದ್ದದ್ದು ಎಂಟೂವರೆ ಹಾಗೆ ಕಾಣುತ್ತದೆ. ಊರಲ್ಲಿ ಎಂಟೂವರೆ.

ಜ್ಯುವೆಲ್ 17
ಅದು ಚಳಿಗಾಲದಲ್ಲಿ ಮಾತ್ರ. ಬೇಸಿಗೆಯಲ್ಲಿ ಅಲ್ಲಿ ಗಡಿಯಾರ ಒಂದು ಗಂಟೆ ಮುಂದೆ ಹೋಗುತ್ತದೆ, ಅಂತರ ನಾಲ್ಕೂವರೆ ಆಗುತ್ತದೆ. ಅಂಕಿ ಬರೆದ ಪೈಲಟ್ ಡಯಲಿನಲ್ಲಿ ತಲೆಕೆಳಗು ಓದಿದರೆ ತಲೆನೋವೂ ಬರುತ್ತದೆ. ಈ ಒಂದು ವಿಷಯದಲ್ಲಿ ಡೈವ್ ವಾಚು ಗೆದ್ದಿತು ಅನ್ನಿ.

ನಿವೃತ್ತ ನೀಲಿ
ನಾವು ಅದಕ್ಕೇ ಎಲ್ಲವನ್ನೂ ಝುಲು ಸಮಯದಲ್ಲೇ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಯುಟಿಸಿಯಲ್ಲೇ ಬರೆಯುತ್ತಿದ್ದೆವು. ಫ್ಲೈಟ್ ಪ್ಲಾನ್ ಇವತ್ತಿಗೂ ಯುಟಿಸಿಯಲ್ಲೇ.

ಜಾಲಹಳ್ಳಿ ಜನತಾ
ಪೈಲಟ್ ವಾಚಿನ ಬಗ್ಗೆ ಇಷ್ಟು ಮಾತಾಡಿ ಎಚ್‌ಎಂಟಿ ಪೈಲಟ್ ಅನ್ನುವ ಹೆಸರು ಎತ್ತಲಿಲ್ಲವಲ್ಲ ಒಬ್ಬರೂ! ಕಪ್ಪು ಡಯಲ್, 17 ಜ್ಯುವೆಲ್ (ಯಂತ್ರದೊಳಗೆ ಸವೆತ ತಡೆಯುವ ಕಲ್ಲುಗಳು), ಕೀ ಕೊಡುವ ವಾಚು. 1961ರಲ್ಲಿ ಜಪಾನಿನ ಸಿಟಿಜನ್ ಜೊತೆ ಸೇರಿ ಬೆಂಗಳೂರಿನಲ್ಲಿ ಶುರುವಾದ ಕಾರ್ಖಾನೆ. ಆಮೇಲೆ ತುಮಕೂರಿನಲ್ಲೂ ಬಂತು. 2016ರಲ್ಲಿ ವಾಚ್ ಕಂಪನಿ ಮುಚ್ಚುವ ತೀರ್ಮಾನ ಆದಾಗ ನಮ್ಮ ಮನೆಯಲ್ಲಿ ಎರಡು ದಿನ ಸೂತಕದ ವಾತಾವರಣ. ಅಪ್ಪ ಅಸೆಂಬ್ಲಿಯಲ್ಲಿದ್ದವರು. ಜಾಲಹಳ್ಳಿಯಲ್ಲಿ ಮ್ಯೂಸಿಯಂ ಇದೆ, ಹೋಗಿ ನೋಡಿ.

ಪೇಢಾ ಪ್ರಿಯ
ನನಗೂ ಒಂದು ಪೈಲಟ್ ಬೇಕು. ಆನ್‌ಲೈನ್‌ನಲ್ಲಿ ಎರಡು ಸಾವಿರಕ್ಕೆ ಹಸಿರು, ಕೇಸರಿ, ನೇರಳೆ ಬಣ್ಣದ್ದೆಲ್ಲ ಸಿಗುತ್ತಿದೆಯಲ್ಲ, ತೆಗೆದುಕೊಳ್ಳಬಹುದಾ?

ಜಾಲಹಳ್ಳಿ ಜನತಾ
ಅಯ್ಯೋ ಬೇಡ. ಅವುಗಳಲ್ಲಿ ಎಷ್ಟೋ ಹಳೆಯ ಯಂತ್ರಕ್ಕೆ ಹೊಸದಾಗಿ ಡಯಲ್ ಬಳಿದು ಮಾರುವಂಥವು. ಡಯಲಿನ ಅಕ್ಷರದ ಅಂಚು ನೋಡಿ, ಮಸುಕಾಗಿದ್ದರೆ ಬಿಟ್ಟುಬಿಡಿ. ಒಂದು ವಾಚಿನ ಕೇಸು, ಇನ್ನೊಂದರ ಮುಳ್ಳು, ಮತ್ತೊಂದರ ಕ್ರೌನ್ ಸೇರಿಸಿ ಒಂದು ಮಾಡಿರುತ್ತಾರೆ. ಮೊದಲ ಮಾಲೀಕರ ಮನೆಯಿಂದ ಸಿಕ್ಕರೆ ಮಾತ್ರ ತೊಗೊಳ್ಳಿ.

ಸ್ಪ್ರಿಂಗ್‌ಬಾರ್
ಬೆಂಗಳೂರು ವಾಚ್ ಕಂಪನಿಯ ಮ್ಯಾಕ್ 1 ಕೂಡ ಈ ಸಾಲಿಗೆ ಬರುತ್ತದೆ. ಮಿಗ್ 21 ಪ್ರೇರಣೆಯ ಪೈಲಟ್ ವಾಚು. ಸ್ವಿಸ್ ಯಂತ್ರ, ನಮ್ಮೂರಿನ ಕಲ್ಪನೆ. ಈ ಮೂರರ ಮಟ್ಟದ ಫಿನಿಶಿಂಗ್ ನಿರೀಕ್ಷಿಸಬೇಡಿ, ಬೆಲೆಯೂ ಆ ಮಟ್ಟದ್ದಲ್ಲ.

ಚಿಲ್ರೆ ಚೆನ್ನಪ್ಪ
ದುಡ್ಡಿನ ಮಾತು ಆಡೋಣ. ಆಮದು ವಾಚಿಗೆ ಇಲ್ಲಿ 20% ಕಸ್ಟಮ್ಸ್, ಮೇಲೆ 18% ಜಿಎಸ್‌ಟಿ ಅಂತ ಇತ್ತು. 2024ರ ಮಾರ್ಚ್‌ನಲ್ಲಿ ಸ್ವಿಟ್ಜರ್ಲೆಂಡ್ ಸೇರಿದ ಇಎಫ್‌ಟಿಎ ಎಂಬ ಯುರೋಪಿನ ವ್ಯಾಪಾರ ಕೂಟದ ದೇಶಗಳ ಜೊತೆ ಒಪ್ಪಂದ ಆಗಿ, 2025ರ ಅಕ್ಟೋಬರ್ 1ರಿಂದ ಜಾರಿಗೆ ಬಂದಿದೆ. ಸ್ವಿಸ್ ವಾಚಿನ ಕಸ್ಟಮ್ಸ್ ವರ್ಷ ವರ್ಷ ಇಳಿಯುತ್ತಾ ಹೋಗುತ್ತದೆ. ಒಂದೇ ಸಲ ಸೊನ್ನೆ ಆಗಲ್ಲ. ಅದಕ್ಕೆ ಕಾಯುತ್ತೇನೆ ಅಂದರೆ ಕಾಯಿರಿ, ಅಷ್ಟರಲ್ಲಿ ಕಂಪನಿಯವರು ಬೆಲೆ ಏರಿಸಿರುತ್ತಾರೆ.

ದುಬೈನಿಂದ ಕೈಗೆ ಕಟ್ಟಿಕೊಂಡು ಬಂದರೆ ಡ್ಯೂಟಿ ಇಲ್ಲ ಅನ್ನುವವರ ಮಾತು ಕೇಳಬೇಡಿ. ಕೈಯಲ್ಲಿದ್ದರೂ ಹೊಸದು ಹೊಸದೇ. ಮಿತಿ ಮೀರಿದರೆ ಕಟ್ಟಲೇಬೇಕು. ಇಲ್ಲಿ ಕೊಂಡರೆ ಎರಡು ಲಕ್ಷ ದಾಟಿದ ಬಿಲ್ಲಿಗೆ ಪ್ಯಾನ್ ಕೊಡಬೇಕು, ಹತ್ತು ಲಕ್ಷ ದಾಟಿದರೆ 1% ಟಿಸಿಎಸ್, ಅಂದರೆ ಅಂಗಡಿಯವರೇ ವಸೂಲಿ ಮಾಡುವ ತೆರಿಗೆ. ನಿಮ್ಮ ಬಜೆಟ್ಟಿಗೆ ಎರಡನೆಯದು ಬರಲ್ಲ. ರೋಲೆಕ್ಸ್ ಆಸೆ ಹತ್ತಿಸುವ ಥೇಮ್ಸ್ ತಮ್ಮನ ಮಾತು ಕೇಳಿದರೆ ಬರುತ್ತದೆ.

ಮುಂದೆ ಮಾರುವ ಲೆಕ್ಕ ಇದ್ದರೆ: ರೋಲೆಕ್ಸ್ ಬಿಟ್ಟರೆ ನಿಮ್ಮ ಮೂರರಲ್ಲಿ ಟ್ಯೂಡರ್ ಬೇಗ ಕೈ ಬದಲಾಗುತ್ತದೆ. ಐಡಬ್ಲ್ಯೂಸಿ ಕೊಂಡ ದಿನವೇ ಬೆಲೆ ಬೀಳುತ್ತದೆ. ನಾನು ಸೆಕೆಂಡ್ ಹ್ಯಾಂಡ್ ಬಿಟ್ಟು ಬೇರೆ ಕೊಳ್ಳುವವನೇ ಅಲ್ಲ, ಅದಕ್ಕೇ ಐಡಬ್ಲ್ಯೂಸಿ ನನಗೆ ಇಷ್ಟ.

ಮಂಗ್ಳೂರ್ ಮಳೆ
ಸರ್ವಿಸ್ ಬಗ್ಗೆ ಒಂದು ಮಾತು. ನನ್ನ ತಮ್ಮನ 200 ಮೀಟರ್ ಡೈವ್ ವಾಚು, ಯಾವುದು ಅಂತ ಬೇಡ, ಪಟ್ಟಣದ ಒಂದು ಅಂಗಡಿಯಲ್ಲಿ ಮುಚ್ಚಳ ತೆಗೆಸಿದ. ವಾಪಸ್ ಹಾಕುವಾಗ ಹಳೆಯ ರಬ್ಬರ್ ಸೀಲನ್ನೇ ತುರುಕಿದ್ದಾರೆ, ಒತ್ತಡ ಪರೀಕ್ಷೆಯ ಮಾತೇ ಇಲ್ಲ. ಜುಲೈನಲ್ಲಿ ಬೈಕಿನಲ್ಲಿ ಹೋಗಿ ಬಂದವನು ನೋಡಿದರೆ ಗಾಜಿನೊಳಗೆ ಮಂಜು. ಡಯಲಿನ ಅಂಚಿನಲ್ಲಿ ತುಕ್ಕು. ಡಯಲ್ ಮೇಲೆ ಬರೆದ ಮೀಟರು ಹೊಸದಾಗಿದ್ದಾಗಿನ ಮಾತು. ಸೀಲು ಒಣಗಿದರೆ 30 ಮೀಟರೂ ಇಲ್ಲ, 300ಊ ಇಲ್ಲ.

ನೇತ್ರಾಣಿ ಮೀನು
ನೂರಕ್ಕೆ ನೂರು. ಕ್ರೌನ್ ಪೂರ್ತಿ ತಿರುಗಿಸಿ ಬಿಗಿ ಮಾಡದೆ ನೀರಿಗೆ ಹಾರುವವರೂ ಇದ್ದಾರೆ. ಬೋಟಿನಲ್ಲಿ ನಾನೇ ಎಲ್ಲರ ಕ್ರೌನ್ ನೋಡುತ್ತೇನೆ.

ತುಂಗಾ ತೀರ
ಆಯಸ್ಕಾಂತದ ಬಗ್ಗೆ ಹೇಳಲೇಬೇಕು. ನಾನು ಲ್ಯಾಪ್‌ಟಾಪಿನ ಮೇಲೆ ಕೈ ಇಟ್ಟು ಕೆಲಸ ಮಾಡುವವಳು, ಫೋನ್ ಕವರಿಗೂ ಆಯಸ್ಕಾಂತ. ನನ್ನ ಹಳೆಯ ಸ್ವಿಸ್ ವಾಚು ಇದ್ದಕ್ಕಿದ್ದ ಹಾಗೆ ದಿನಕ್ಕೆ ನಿಮಿಷಗಟ್ಟಲೆ ಮುಂದೆ ಓಡತೊಡಗಿತು. ಒಳಗಿನ ಕೂದಲೆಳೆಯಂಥ ಸ್ಪ್ರಿಂಗಿಗೆ ಆಯಸ್ಕಾಂತ ಹಿಡಿದಿತ್ತು. ಬಿಡಿಸಲು ಒಂದು ಸಣ್ಣ ಯಂತ್ರ ಸಾಕು, ಕ್ಷಣದ ಕೆಲಸ. ಆದರೆ ಗೊತ್ತಿಲ್ಲದವರು ಪೂರ್ತಿ ಸರ್ವಿಸ್‌ಗೆ ಕೊಟ್ಟು ಬರುತ್ತಾರೆ.

ಈ ವಿಷಯದಲ್ಲಿ ಒಮೆಗಾ ಮುಂದಿದೆ. 15,000 ಗಾಸ್ (ಆಯಸ್ಕಾಂತ ಬಲದ ಅಳತೆ) ತಡೆಯುತ್ತದೆ, ಸ್ಪ್ರಿಂಗ್ ಸಿಲಿಕಾನ್‌ನದು. ಟ್ಯೂಡರಿನ ಸ್ಪ್ರಿಂಗ್ ಕೂಡ ಸಿಲಿಕಾನ್. ತಮಾಷೆ ನೋಡಿ, ಆಯಸ್ಕಾಂತ ತಡೆಯುವುದು ಪೈಲಟ್ ವಾಚಿನ ಕುಲವೃತ್ತಿ ಆಗಿತ್ತು. ಈಗ ಅದನ್ನು ಚೆನ್ನಾಗಿ ಮಾಡುತ್ತಿರುವುದು ಡೈವ್ ವಾಚು.

ಬೆಣ್ಣೆದೋಸೆ
ಫೋನ್ ಕವರಿನ ಆಯಸ್ಕಾಂತಕ್ಕೆ ಫೋನಿನ ಟೈಮು ಕೆಡಲ್ಲ ನೋಡಿ.

ವೈಟ್‌ಫೀಲ್ಡ್ ವಾಸಿ
ದೋಸೆಯವರೇ, ಇವತ್ತು ನೀವು ಗೆದ್ದಿರಿ.

ಶನಿವಾರ ಎಂ.ಜಿ. ರಸ್ತೆ ಕಡೆ ಹೋಗಿ ಮೂರನ್ನೂ ಕಟ್ಟಿ ನೋಡಿದೆ. ಡಯಲಿನ ಅಗಲಕ್ಕಿಂತ ಬೆಲ್ಟು ಸಿಕ್ಕಿಸುವ ಮೇಲಿನ ಕಾಲಿನಿಂದ ಕೆಳಗಿನ ಕಾಲಿಗೆ ಎಷ್ಟು ಉದ್ದ ಅನ್ನುವುದೇ ಮುಖ್ಯ ಅಂತ ಈಗ ಅರ್ಥ ಆಯ್ತು. ಒಮೆಗಾ ಸುಮಾರು 50 ಮಿಮೀ, ನನ್ನ ಕೈಯ ಅಂಚಿನವರೆಗೆ ಬಂತು. ದಪ್ಪವೂ 13 ಮಿಮೀ ಮೀರುತ್ತದೆ, ತೋಳಿನೊಳಗೆ ಹೋಗಲಿಲ್ಲ. ಡಯಲ್ ಮಾತ್ರ ನೋಡುತ್ತಲೇ ಇರಬೇಕು ಅನ್ನಿಸಿತು. ಐಡಬ್ಲ್ಯೂಸಿ ಸುಮಾರು 49 ಇದ್ದರೂ ತೆಳುವಾಗಿರುವುದರಿಂದ ಕೂತಿತು, ಸುತ್ತ ಬೆಜೆಲ್ ಇಲ್ಲದ ಕಾರಣ 40ಕ್ಕಿಂತ ದೊಡ್ಡದಾಗಿ ಕಂಡಿತು. ಟ್ಯೂಡರ್ ಹೇಳಿ ಮಾಡಿಸಿದ ಹಾಗೆ. ಆದರೆ ಅದರಲ್ಲಿ ತಾರೀಖು ಇಲ್ಲ, ನನಗೆ ದಿನಾ ಬೇಕು.

ಚೈನಿನ ರೇಟು ಕೇಳಿದೆ ಮಳೆಯವರೇ. ನೀವು ಹೇಳಿದ್ದು ನಿಜ. ಚೈನ್ ಸಮೇತ ಇರುವ ಮಾದರಿಯನ್ನೇ ಮೊದಲು ತೆಗೆದುಕೊಳ್ಳುವುದು ಲಾಭ, ಆಮೇಲೆ ಬೇರೆ ಕೊಂಡರೆ ಜೇಬಿಗೆ ಕತ್ತರಿ.

ಸದ್ಯಕ್ಕೆ ಮನಸ್ಸು ಮಾರ್ಕ್ ಟ್ವೆಂಟಿ, ಚೈನಿನಲ್ಲಿ. ನೀಲಿ ಡಯಲ್. 10 ಬಾರ್ ಇದೆ ಅಂತ ಇಲ್ಲಿ ಓದಿ ಪೂಲಿಗೆ ಇಳಿಯಲು ಧೈರ್ಯ ಬಂತು. ಯಾರಾದರೂ ತಡೆಯುವುದಿದ್ದರೆ ಈಗಲೇ ತಡೆಯಿರಿ.

ಮಂಗ್ಳೂರ್ ಮಳೆ
ತಡೆಯುತ್ತೇನೆ. ಮಗುವಿನ ಜೊತೆ ಪೂಲಿನಲ್ಲಿ ಆಡುವವರಿಗೆ ಡೈವ್ ವಾಚೇ. ಬೆಜೆಲ್ ಇಟ್ಟು "ಇನ್ನು ಹದಿನೈದು ನಿಮಿಷ, ಆಮೇಲೆ ಮನೆಗೆ" ಅಂತ ತೋರಿಸಿದರೆ ಮಕ್ಕಳು ಒಪ್ಪುತ್ತಾರೆ. ನನ್ನ ಮಗನಿಗೆ ಗಡಿಯಾರ ಓದಲು ಬಂದದ್ದೇ ಆ ಬೆಜೆಲ್ಲಿನಿಂದ. ನಮ್ಮ ಮನೆಯಲ್ಲಿ ಇಡ್ಲಿ ಬೇಯುವುದೂ ಒಮೆಗಾ ಲೆಕ್ಕದಲ್ಲೇ.

ಸ್ಪ್ರಿಂಗ್‌ಬಾರ್
ಗಡಿಯಾರ ಓದಲು ಕಲಿಸಬೇಕಾದರೆ 1, 2, 4, 5 ಅಂತ ಅಂಕಿ ಬರೆದಿರುವ ಪೈಲಟ್ ಡಯಲ್ ಇನ್ನೂ ಒಳ್ಳೆಯದಲ್ವಾ?

ಮಂಗ್ಳೂರ್ ಮಳೆ
3 ಎಲ್ಲಿ ಹೋಯ್ತು? ತಾರೀಖಿನ ಕಿಟಕಿ ನುಂಗಿದೆ. 12 ಎಲ್ಲಿ? ತ್ರಿಕೋನ.

ಪೇಢಾ ಪ್ರಿಯ
ಹತ್ತು ವರ್ಷಕ್ಕೆ ಒಂದೇ ವಾಚು ಅಂತ ಇವರು ಮನೆಯಲ್ಲಿ ಮಾತು ಕೊಟ್ಟಿದ್ದಾರೆ, ಇಲ್ಲಿರುವ ಯಾರ ಹತ್ತಿರವೂ ಒಂದೇ ವಾಚು ಇಲ್ಲ. ವಾಸಿಯವರೇ, ಮಾರ್ಕ್ ಕೊಳ್ಳಿ. ಪೂಲಿಗೆ ಅಂತ ಒಂದು ಸೈಕೋ ಡೈವರ್ ಇಟ್ಟುಕೊಳ್ಳಿ, ಅದು "ವಾಚಿನ ಸುದ್ದಿ" ಲೆಕ್ಕಕ್ಕೆ ಬರಲ್ಲ.

ತುಂಗಾ ತೀರ
ಬರುತ್ತದೆ. ನಮ್ಮ ಮನೆಯವರೂ ಹಾಗೇ ಶುರು ಮಾಡಿದ್ದು.

ಚಿಲ್ರೆ ಚೆನ್ನಪ್ಪ
ಬುಕ್ ಮಾಡುವ ಮೊದಲು ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಹಾಕಿಸಿ, ವಾರಂಟಿ ನಿಮ್ಮ ಹೆಸರಿಗೆ ಆನ್‌ಲೈನ್‌ನಲ್ಲಿ ನೋಂದಣಿ ಮಾಡಿಸಿ. ಐಡಬ್ಲ್ಯೂಸಿಯಲ್ಲಿ ನೋಂದಣಿ ಮಾಡಿದರೆ ಎರಡು ವರ್ಷದ ವಾರಂಟಿ ಎಂಟು ವರ್ಷಕ್ಕೆ ಏರುತ್ತದೆ. ಒಮೆಗಾ, ಟ್ಯೂಡರ್ ಎರಡೂ ಐದು ವರ್ಷ. ಚೈನಿನಿಂದ ತೆಗೆದ ಕೊಂಡಿಗಳನ್ನು ಅಂಗಡಿಯಲ್ಲೇ ಬಿಟ್ಟು ಬರಬೇಡಿ. ಮಾರುವಾಗ ಮೊದಲು ಕೇಳುವುದೇ ಅದನ್ನು.

ವೈಟ್‌ಫೀಲ್ಡ್ ವಾಸಿ
ಮಾರುವ ಮಾತು ಈಗಲೇ ಎತ್ತಬೇಡಿ ಸಾರ್, ಇದನ್ನು ಹೆಂಡತಿಯೂ ಓದುತ್ತಿದ್ದಾಳೆ. ಎಂಟು ವರ್ಷದ ವಿಷಯ ಗೊತ್ತಿರಲಿಲ್ಲ. ನಾಳೆ ಅಂಗಡಿಗೆ ಫೋನ್ ಮಾಡಿ ನೀಲಿ ಡಯಲ್ ಸ್ಟಾಕ್ ಇದೆಯಾ ಅಂತ ಕೇಳುತ್ತೇನೆ.